ಬೀಗರ ಬೋಟಿನ ಎಂಜಿನ್

ಮಗಳ ಮದುವೆಯಾಗಿ ಎರಡು ವರ್ಷವಾದರೂ ನನಗೂ ನಮ್ಮ ಬೀಗರಿಗೂ ಮಾತಾಡಲು ಇದ್ದದ್ದು ಮೂರೇ ವಿಷಯ: ಲೋಕಲ್ ಗಾಡಿಯ ಗದ್ದಲ, ಅವರ ಸಕ್ಕರೆ ಕಾಯಿಲೆ, ನನ್ನ ಮೊಣಕಾಲು. ಮೂರೂ ಸೇರಿ ಆರೇಳು ನಿಮಿಷಕ್ಕೆ ಮುಗಿಯುತ್ತಿದ್ದವು. ಆಮೇಲೆ ಇಬ್ಬರೂ ಟೀವಿಯ ಕಡೆ ತಿರುಗಿ ಕೂರುತ್ತಿದ್ದೆವು, ಅದು ಬಂದ್ ಆಗಿದ್ದರೂ.

ನಾನು ಧಾರವಾಡದ ಕಡೆಯವನು. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಫಿಟರ್ ಆಗಿದ್ದು ರಿಟೈರ್ ಆದವನು. ಮನೆ ಮುಲುಂಡಿನಲ್ಲಿ. ಬೀಗರು ಮಂಗಳೂರಿಗಿಂತ ಸ್ವಲ್ಪ ಆಚೆ, ಕಡಲ ದಂಡೆಯ ಊರಿನವರು. ಚಿಕ್ಕ ವಯಸ್ಸಿಗೇ ಮುಂಬೈಗೆ ಬಂದು ಮೊದಲು ಜನರನ್ನು ದಾಟಿಸುವ ಲಾಂಚಿನಲ್ಲಿ ದುಡಿದು, ಆಮೇಲೆ ಒಬ್ಬ ಶೇಠರ ಸ್ಪೀಡ್ ಬೋಟಿಗೆ ಡ್ರೈವರ್ ಆದವರು. ಅವರ ಮನೆ ಚೆಂಬೂರಿನಲ್ಲಿ. ನಮ್ಮ ಕಡೆ ಹೆಣ್ಣು ಕೊಟ್ಟವರು ಗಂಡಿನವರ ಮುಂದೆ ಸ್ವಲ್ಪ ತಗ್ಗಿಯೇ ನಡೆಯುವುದು ರೂಢಿ. ಹಾಗಾಗಿ ನಾನು ಅವರೆದುರು ಕಾಲಮೇಲೆ ಕಾಲು ಹಾಕಿ ಕೂತವನಲ್ಲ. ಅವರ ಕಡೆಯ ರೂಢಿ ಏನೋ ನನಗೆ ತಿಳಿಯದು, ಅವರು ನನ್ನನ್ನು ‘ಸರ್’ ಎನ್ನುತ್ತಿದ್ದರು. ಜೀವಮಾನದಲ್ಲಿ ಒಬ್ಬ ಫಿಟರನಿಗೆ ಯಾರೂ ಸರ್ ಅನ್ನುವುದಿಲ್ಲ. ಅವರು ಹಾಗೆ ಅಂದಾಗಲೆಲ್ಲ ನನ್ನ ಹಿಂದೆ ಇನ್ನಾರೋ ನಿಂತಿದ್ದಾರೆ ಅನ್ನಿಸುತ್ತಿತ್ತು.

ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆ ಗೋರೆಗಾಂವಿನ ಮಗಳ ಮನೆಯಲ್ಲಿ ಸೇರಿದ್ದೆವು. ಮೂರು ವಿಷಯಗಳು ಮುಗಿದಿದ್ದವು. ಬೀಗರ ಮುಖ ಮಾತ್ರ ಎಂದಿನ ಹಾಗಿರಲಿಲ್ಲ. ಕೇಕಿನ ತಟ್ಟೆಯನ್ನು ಕೈಯಲ್ಲಿ ಹಿಡಿದು ಮರೆತೇಬಿಟ್ಟಿದ್ದರು.

“ಆರಾಮ ಇಲ್ಲೇನ್ರೀ?” ಅಂದೆ.

“ಆರಾಮ ಉಂಟು ಸರ್. ಬೋಟಿಂದು ಎಂಜಿನ್ ಹೋಯ್ತು,” ಅಂದರು.

ನಾನು ಯೋಚಿಸದೇ ಕೇಳಿಬಿಟ್ಟೆ: “ಹೋಗೂ ಮುಂದ ಏನ್ ಸಪ್ಪಳ ಬಂತ್ರೀ?”

ಅವರು ತಟ್ಟೆಯನ್ನು ಕೆಳಗಿಟ್ಟರು. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಅವರಿಗೆ ಕೇಳಿರಲಿಲ್ಲವಂತೆ. ಶೇಠರ ಅತಿಥಿಗಳು ಬೋಟಿನಲ್ಲಿದ್ದರು, ಫುಲ್ ಸ್ಪೀಡ್ ಬೇಕೆಂದರು, ಇವರು ಕೊಟ್ಟರು. ನಡುವೆ ಎಂಜಿನ್ ಕೆಮ್ಮಿದ ಹಾಗೆ ಮಾಡಿತು. ಬಂದ್ ಮಾಡಿ ಹತ್ತು ನಿಮಿಷ ಕಾದು ಮತ್ತೆ ಸ್ಟಾರ್ಟರ್ ಒತ್ತಿದರು.

“ಒಂದೇ ಸಲ ಟಕ್ ಅಂತ ಆಯ್ತು ಸರ್. ಮತ್ತೆ ಜಪ್ಪಯ್ಯ ಅಂದ್ರೂ ತಿರುಗುದಿಲ್ಲ. ಒಂದು ಮೀನಿನ ಬೋಟು ನಮ್ಮನ್ನು ಹಗ್ಗ ಕಟ್ಟಿ ಎಳ್ಕೊಂಡು ಬಂತು. ಹದಿನೆಂಟು ವರ್ಷದಲ್ಲಿ ಫಸ್ಟ್ ಟೈಮ್.”

“ಒಳಗ ನೀರು ಹೊಕ್ಕಿರಬೇಕ್ರೀ. ನೀರು ಗಾಳಿ ಹಂಗ ಒತ್ತಿದ್ರ ಕುಗ್ಗೂದಿಲ್ಲ. ಪಿಸ್ಟನ್ ಮ್ಯಾಲೆ ಬಂದು ನೀರಿಗೆ ಬಡದು ರಾಡ್ ಮಣದಿರತೈತಿ.”

ಹುಡುಗರು ಬಲೂನು ಒಡೆಯುತ್ತಿದ್ದರು. ನಾವಿಬ್ಬರು ಕಾಗದದ ತಟ್ಟೆಯ ಹಿಂಬದಿಯಲ್ಲಿ ಎಂಜಿನ್ನಿನ ಚಿತ್ರ ಬರೆಯುತ್ತ ಒಂದೂವರೆ ತಾಸು ಕೂತೆವು. ಶೇಠರು ಬೋಟನ್ನೇ ಗುಜರಿಗೆ ಹಾಕುವ ಮನಸ್ಸು ಮಾಡಿದ್ದಾರೆ, ಮಳೆಗಾಲ ಮುಗಿಯುವವರೆಗೆ ನೋಡಿ ಅಂದಿದ್ದಾರೆ ಎಂದು ಬೀಗರು ಹೇಳಿದರು. “ನಾನು ನೋಡ್ತೀನ್ರೀ,” ಎಂದು ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು.

ಮನೆಗೆ ಬಂದ ಮೇಲೆ ಹೆಂಡತಿ ಹಿಡಿದುಕೊಂಡಳು. “ಬೀಗರ ಕೆಲಸಕ್ಕ ಕೈ ಹಾಕತಾರೇನ್ರಿ ಯಾರರ? ನಾಳೆ ಅದು ಕೆಟ್ಟು ಕೂತರ ಮಗಳು ಆ ಮನ್ಯಾಗ ಮಾತು ಕೇಳಬೇಕು.”

“ಅದು ಆಗಲೇ ಕೆಟ್ಟು ಕೂತೈತಿ. ಇನ್ನ ಕೆಡಾಕ ಏನೈತಿ?” ಅಂದೆ.

ಹಾಗೆ ರಿಟೈರ್ ಆಗಿ ಎರಡು ವರ್ಷದ ನಂತರ ನಾನು ಮತ್ತೆ ಡಬ್ಬಿ ಹಿಡಿದು ಲೋಕಲ್ ಹತ್ತಿದೆ. ಮುಲುಂಡಿನಿಂದ ಕುರ್ಲಾ, ಅಲ್ಲಿ ಸೇತುವೆ ಹತ್ತಿಳಿದು ಹಾರ್ಬರ್ ಲೈನು, ಚೆಂಬೂರಿನಿಂದ ಶೇರ್ ರಿಕ್ಷಾ. ಮೊಣಕಾಲು ನೋಯುತ್ತಿತ್ತು, ಆದರೆ ಯಾಕೋ ಅದರ ಬಗ್ಗೆ ಯಾರಿಗೂ ಹೇಳಬೇಕೆನ್ನಿಸಲಿಲ್ಲ.

ಬೋಟು ಅವರ ಮನೆಗೆ ಹತ್ತಿರವೇ, ಮಾಹುಲಿನ ಖಾಡಿ ಎಂಬ ಕಡಲ ಹಿನ್ನೀರಿನ ಪಕ್ಕ, ಕೋಳಿ ಎಂಬ ಮೀನುಗಾರ ಜನರ ದೋಣಿಗಳ ನಡುವೆ ಟ್ರೇಲರ್ ಮೇಲೆ ಕೂತಿತ್ತು. ಮೇಲೆ ನೀಲಿ ತಾಡಪತ್ರಿ, ಅದರ ಮೇಲೆ ಮಳೆಯ ಸದ್ದು. ಬೋಟು ನೋಡಿದರೆ ನಿಂತಲ್ಲೇ ಓಡುವ ಹಾಗಿತ್ತು. ಉದ್ದ ಮೂತಿ, ತೆಳ್ಳನೆ ಮೈ. ಹಿಂದಿನ ಮುಚ್ಚಳ ತೆಗೆದರೆ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್, ನಾಲ್ಕು ಈ ಕಡೆ, ನಾಲ್ಕು ಆ ಕಡೆ. ಜೀವನವೆಲ್ಲ ಪಂಪು ಬಿಚ್ಚಿದವನು ನಾನು. ಇಷ್ಟು ಶಕ್ತಿಯನ್ನು ಇಷ್ಟು ಸಣ್ಣ ಜಾಗದಲ್ಲಿ ತುರುಕಿದ್ದನ್ನು ಕಂಡಿರಲಿಲ್ಲ. ಬಗ್ಗಿ ಎರಡೂ ಸಾಲು ನೋಡುತ್ತ ನಿಂತೆ. ಬೀಗರೂ ಪಕ್ಕದಲ್ಲಿ ನಿಂತು, ತಮ್ಮ ಮನೆಯ ಹುಡುಗನನ್ನು ಡಾಕ್ಟರಿಗೆ ತೋರಿಸುವವರ ಹಾಗೆ ನನ್ನ ಮುಖ ನೋಡುತ್ತಿದ್ದರು.

ಮೊದಲ ತೊಡಕು ಎಂಜಿನ್ನಿನದಲ್ಲ, ನಮ್ಮದು. ಬೀಗರಿಗೆ ‘ಆ ಸ್ಪ್ಯಾನರ್ ಕೊಡ್ರಿ’ ಅನ್ನುವುದು ಹೇಗೆ? ನಾನೇ ಎದ್ದು ಹೋಗಿ ತಂದುಕೊಳ್ಳುತ್ತಿದ್ದೆ. ಅವರೂ ಹಾಗೆಯೇ. ನಾನು ತಪ್ಪು ಪೈಪಿಗೆ ಕೈ ಹಾಕಿದರೆ “ಹಾಗಲ್ಲ” ಅನ್ನಲು ಸಂಕೋಚಪಟ್ಟು ಕೆಮ್ಮುತ್ತಿದ್ದರು. ಪೆಟ್ರೋಲ್ ಪೈಪು, ಬ್ಯಾಟರಿ ವಯರು, ನೀರಿನ ಹೋಸು, ಸೈಲೆನ್ಸರ್, ಒಂದೊಂದಾಗಿ ಕಳಚಿದೆವು. ನಾಲ್ಕನೆಯ ದಿನ ಮೂರು ಕಬ್ಬಿಣದ ಪೈಪು ನಿಲ್ಲಿಸಿ ಮೇಲೆ ಕಟ್ಟಿ, ಚೈನ್ ಪುಲ್ಲಿ ತೂಗಿಬಿಟ್ಟೆವು.

ನಾನು ಚೈನ್ ಎಳೆಯತೊಡಗಿದೆ. ಎಂಜಿನ್ ಒಂದು ಬೆರಳು ಎದ್ದಿತು, ಎರಡು ಬೆರಳು ಎದ್ದಿತು. ಬೀಗರು ಕೆಮ್ಮಿದರು. ನಾನು ಇನ್ನೂ ಎಳೆದೆ. ಅವರು ಜೋರಾಗಿ ಕೆಮ್ಮಿದರು. ಆಮೇಲೆ ಕೂಗಿಯೇಬಿಟ್ಟರು:

“ಓ ಮಾರಾಯ್ರೆ! ನಿಲ್ಸಿ! ಬೋಟೇ ಮೇಲೆ ಬರ್ತಾ ಉಂಟು!”

ನೋಡುತ್ತೇನೆ, ಎಂಜಿನ್ನಿನ ಜತೆ ಬೋಟಿನ ಹಿಂಭಾಗ ಟ್ರೇಲರ್ ಬಿಟ್ಟು ಎದ್ದಿದೆ. ಮೂರು ಪೈಪುಗಳೂ ಕಿರುಗುಟ್ಟುತ್ತಿವೆ. ಮೆಲ್ಲಗೆ ಇಳಿಸಿ ಕೆಳಗೆ ಇಣುಕಿದೆವು. ಎಂಜಿನ್ನನ್ನು ಬೋಟಿಗೆ ಬಿಗಿದ ನಾಲ್ಕು ಬೋಲ್ಟುಗಳಲ್ಲಿ ಒಂದು ಹಾಗೇ ಇತ್ತು.

“ಇದನ್ನ ನೀವು ಬಿಚ್ಚೀರಿ ಅಂತ ತಿಳಕೊಂಡಿದ್ದೆ,” ಅಂದೆ.

“ನಾನು ನೀವು ಬಿಚ್ಚಿದ್ದೀರಿ ಅಂತ.”

“ಮತ್ತ ಕೇಳಬೇಕಿಲ್ರೀ?”

“ಹೇಗೆ ಕೇಳುದು? ಬಿಚ್ಚಿದ್ರಾ ಅಂತ ಕೇಳಿದ್ರೆ ನಿಮ್ಮ ಕೆಲಸದ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ ಆಗುದಿಲ್ವಾ?”

ಇಬ್ಬರಿಗೂ ನಗು ಬಂತು. ನಾನು ಚೈನ್ ಹಿಡಿದೇ ನಕ್ಕೆ, ಅವರು ಬೋಟಿನ ಅಂಚಿಗೆ ಒರಗಿ ನಕ್ಕರು. ಆ ಹೊತ್ತಿಗೆ ಚಹಾ ತಂದ ಬೀಗತಿ, ಅಂದರೆ ಬೀಗರ ಹೆಂಡತಿ, “ಎಂತ ಆಯ್ತು ಇವರಿಗೆ?” ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಆವತ್ತಿನಿಂದ ‘ಸರ್’ ಹೋಯಿತು. ನಾನು ‘ಮಾರಾಯ್ರೆ’ ಆದೆ. ನಾನೂ ಧೈರ್ಯ ಮಾಡಿ, “ಬೀಗರ, ಆ ಹದಿನೇಳರ ಸ್ಪ್ಯಾನರ್ ಒಗೀರಿ ಇಲ್ಲೆ,” ಅನ್ನತೊಡಗಿದೆ.

ಎಂಜಿನ್ ಹೊರಬಂದು ಪಕ್ಕದ ತಗಡಿನ ಶೆಡ್ಡಿಗೆ ಹೋಯಿತು. ಸಿಲಿಂಡರುಗಳ ಮೇಲಿನ ಹೆಡ್ ಬಿಚ್ಚಿದಾಗ ನಾನು ಊಹಿಸಿದ್ದೇ ಕಾಣಿಸಿತು. ಮೂರನೆಯ ಸಿಲಿಂಡರಿನಲ್ಲಿ ಉಪ್ಪುನೀರು, ಕಂದು ತುಕ್ಕು, ಬಾಳೆಕಾಯಿಯ ಹಾಗೆ ಬಾಗಿದ ರಾಡು. ಬೀಗರು ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ತಿರುಗಿಸಿ ನೋಡಿದರು.

“ನಾನು ಅವತ್ತು ಸ್ಪೀಡ್ ಕೊಡಬಾರದಿತ್ತು,” ಅಂದರು. “ಅತಿಥಿಗಳು ಹೇಳಿದ್ರು ಅಂತ ಕೊಟ್ಟೆ. ಶೇಠರು ಒಂದು ಮಾತು ಬೈಲಿಲ್ಲ. ಬೈದಿದ್ರೆ ಒಳ್ಳೇದಿತ್ತು.”

ಅವರನ್ನು ತಿನ್ನುತ್ತಿದ್ದದ್ದು ಇದೇ ಎಂದು ನನಗೆ ಆಗ ಗೊತ್ತಾಯಿತು. ಹೊಗೆ ಹೊರಹೋಗುವ ದಪ್ಪ ಎರಕದ ಪೈಪನ್ನು ಎತ್ತಿಕೊಂಡು ಹೊರಗೆ ಬೆಳಕಿಗೆ ಹೋದೆ. ಇಂಥ ಬೋಟಿನಲ್ಲಿ ಆ ಪೈಪಿನ ಸುತ್ತ ಇನ್ನೊಂದು ಪದರವಿದ್ದು, ಅದರಲ್ಲಿ ತಂಪಿಗಾಗಿ ಸಮುದ್ರದ ನೀರು ಹರಿಯುತ್ತದೆ. ಒಳಗಿನ ಗೋಡೆಯನ್ನು ತಂತಿಬ್ರಷ್ಷಿನಿಂದ ಉಜ್ಜಿದೆ. ಕೂದಲೆಳೆಯಂಥ ಬಿರುಕು, ಅದರ ಕೆಳಗೆ ಪದರ ಪದರವಾಗಿ ಕೂತ ತುಕ್ಕಿನ ಗೆರೆ. ಬೀಗರನ್ನು ಕರೆದೆ.

“ಇಲ್ಲಿ ನೋಡ್ರಿ. ಇದು ಒಂದು ದಿನದ ತುಕ್ಕಲ್ಲ. ಎಷ್ಟೋ ತಿಂಗಳಿಂದ ಹನಿ ಹನಿ ನೀರು ಒಳಗ ಇಳಿದೈತಿ. ನೀವು ಅವತ್ತು ಸ್ಪೀಡ್ ಕೊಡಲಿಲ್ಲ ಅಂದಿದ್ರ ಮುಂದಿನ ವಾರ ಹೋಗ್ತಿತ್ತು. ಹೊರಗಿಂದ ಯಾರಿಗೂ ಕಾಣಸಂಗಿಲ್ಲ ಇದು. ನನಗೂ ಕಾಣಸ್ತಿದ್ದಿಲ್ಲ.”

ಅವರು ಬಿರುಕಿನ ಮೇಲೆ ಬೆರಳಿಟ್ಟರು. ಇನ್ನೊಮ್ಮೆ ಇಟ್ಟರು. “ಹೌದಾ?” ಅಂದರು. ಆಮೇಲೆ ಮುಖ ತೊಳೆದು ಬರುತ್ತೇನೆಂದು ನಲ್ಲಿಯ ಕಡೆ ಹೋದವರು ಕಾಲು ಗಂಟೆ ಬರಲಿಲ್ಲ. ಬರುವಾಗ ಬಿಸಿ ಬಟಾಟೆವಡೆ ತಂದಿದ್ದರು, ಆರು. ಸಕ್ಕರೆ ಕಾಯಿಲೆಯ ಮನುಷ್ಯ ತಾವೇ ಮೂರು ತಿಂದರು.

ಇಷ್ಟು ಬುದ್ಧಿವಂತಿಕೆ ತೋರಿಸಿದವನು ಮುಂದೆ ಮಾಡಿದ್ದನ್ನೂ ಹೇಳಬೇಕು.

ಪ್ರತಿ ರಾಡಿಗೂ ಕೆಳತುದಿಯಲ್ಲಿ ಅರ್ಧಚಂದ್ರದಂಥ ಒಂದು ಕ್ಯಾಪ್ ಇರುತ್ತದೆ. ರಾಡೂ ಕ್ಯಾಪೂ ಸೇರಿ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡವನ್ನು ಅಪ್ಪಿ ಹಿಡಿಯುತ್ತವೆ. ಎರಡನ್ನೂ ಜೋಡಿಸಿಯೇ ಕೊರೆದಿರುವುದರಿಂದ ಒಂದರ ಕ್ಯಾಪು ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಕಿದರೆ ಎಂಜಿನ್ ಹಿಡಿದುಕೊಂಡು ತಿರುಗದೆ ನಿಲ್ಲುತ್ತದೆ. ಬಿಚ್ಚುವಾಗ ಬೀಗರು, “ಪಂಚ್ ಹೊಡೆದು ಚುಕ್ಕಿ ಹಾಕುವನಾ?” ಎಂದು ಕೇಳಿದ್ದರು. ನಾನು, “ಏ, ಏನ್ ಬ್ಯಾಡ್ರಿ. ಮಾರ್ಕರ್ ಪೆನ್ ಐತಿ,” ಎಂದು ನಂಬರು ಬರೆದೆ. ಮೂವತ್ತು ವರ್ಷದ ಅನುಭವ ಮಾತಾಡಿತ್ತು. ಆಮೇಲೆ ನಾನೇ ಎಲ್ಲವನ್ನೂ ಸೀಮೆಎಣ್ಣೆಯ ಟಬ್ಬಿಗೆ ಹಾಕಿ ಚೆನ್ನಾಗಿ ತೊಳೆದೆ.

ಕುರ್ಲಾದ ಮಶೀನ್ ಶಾಪಿನಿಂದ ಸಿಲಿಂಡರಿನ ಒಳಗೋಡೆಗೆ ಹೊಸ ಲೈನರ್ ಹಾಕಿಸಿಕೊಂಡು ಬಂದ ದಿನ ಜೋಡಿಸಲು ಕೂತೆ. ರಾಡುಗಳನ್ನು ಸಾಲಾಗಿ ಇಟ್ಟೆ. ಒಂದರ ಮೇಲೂ ನಂಬರಿಲ್ಲ. ಬಾಗಿದ್ದಕ್ಕೆ ಬದಲಾಗಿ ಬಂದ ಹೊಸದು ಬಿಟ್ಟರೆ ಏಳು ರಾಡು, ಏಳು ಕ್ಯಾಪು, ಎಲ್ಲ ಫಳಫಳ ಹೊಳೆಯುತ್ತಿವೆ. ಸೀಮೆಎಣ್ಣೆ ಮಸಿಯನ್ನು ಕರಗಿಸುತ್ತದೆ ಎಂಬುದು ಶಾಲೆಯ ಹುಡುಗರಿಗೂ ಗೊತ್ತು.

ಮೊದಲು ಬಂದ ವಿಚಾರ, ಬೀಗರಿಗೆ ಹೇಳದೆ ಹೇಗಾದರೂ ಹೊಂದಿಸಿಬಿಡಬೇಕು ಎಂದು. ಎರಡು ಮೂರು ಜೋಡಿಸಿ ನೋಡಿದೆ, ಎಲ್ಲವೂ ಸರಿ ಅನ್ನಿಸಿದವು, ಎಲ್ಲವೂ ತಪ್ಪು ಅನ್ನಿಸಿದವು. ಕಾರ್ಖಾನೆಯಲ್ಲಿ ತಪ್ಪು ಮಾಡಿದಾಗ ಸೂಪರ್‌ವೈಸರನ ಮುಂದೆ ನಿಂತಿದ್ದೇನೆ, ಆಗಲೂ ಇಷ್ಟು ಕಷ್ಟವಾಗಿರಲಿಲ್ಲ.

“ಬೀಗರ,” ಅಂದೆ, “ನನ್ನ ಕಡಿಂದ ಒಂದು ತಪ್ಪಾಗೈತಿ.”

ಹೇಳಿದೆ. ಅವರು ಏಳು ಕ್ಯಾಪುಗಳನ್ನೂ ನೋಡಿದರು, ನನ್ನನ್ನೂ ನೋಡಿದರು. “ಹಾಗಾದ್ರೆ ನೀವೂ ತಪ್ಪು ಮಾಡ್ತೀರಿ,” ಅಂದರು. ಅದರಲ್ಲಿ ಚುಚ್ಚುಮಾತು ಇರಲಿಲ್ಲ, ಒಂಥರಾ ಸಂತೋಷವಿತ್ತು. “ನಾನು ಎರಡು ತಿಂಗಳಿಂದ ನಿಮ್ಮ ಎದುರು ಹೆದರಿಕೊಂಡು ಕೆಲಸ ಮಾಡಿದ್ದು ಮಾರಾಯ್ರೆ!”

ಇಬ್ಬರೂ ಕೂತು ಜೋಡಿಸತೊಡಗಿದೆವು. ಸರಿಯಾದ ಕ್ಯಾಪು ಕೂತರೆ ಸೇರುವ ಗೆರೆಯ ಮೇಲೆ ಉಗುರು ಸಿಕ್ಕಿಕೊಳ್ಳಬಾರದು. ತಪ್ಪಾಗಿದ್ದರೆ ಕೂದಲಿಗಿಂತ ತೆಳುವಾದ ಒಂದು ಮೆಟ್ಟಿಲು ತಾಗುತ್ತದೆ. ನನ್ನ ಉಗುರುಗಳು ಇಷ್ಟು ವರ್ಷದ ಗ್ರೀಸಿನಲ್ಲಿ ಜಡ್ಡುಗಟ್ಟಿದ್ದವು, ಅವರ ಬೆರಳುಗಳು ಹಗ್ಗ ಎಳೆದು ಒರಟಾಗಿದ್ದವು. ಮಧ್ಯಾಹ್ನದವರೆಗೆ ಒಂದು ಜೋಡಿಯ ಮೇಲೂ ಇಬ್ಬರಿಗೂ ಒಮ್ಮತ ಬರಲಿಲ್ಲ.

ಊಟಕ್ಕೆ ಕರೆಯಲು ಬಂದ ಬೀಗತಿ ಬಾಗಿಲಲ್ಲಿ ನಿಂತು ನೋಡಿದರು. ಏನೆಂದು ಕೇಳಿದರು. ಗಂಡ ವಿವರಿಸಿದರು.

“ಇಲ್ಲಿ ಕೊಡಿ ನೋಡುವ,” ಎಂದು ಸೆರಗಿಗೆ ಕೈ ಒರೆಸಿಕೊಂಡು ಕೂತರು.

ಬೀಗತಿ ಮದುವೆಗೆ ಮುಂಚೆ ತವರಿನಲ್ಲಿ ಬೀಡಿ ಕಟ್ಟಿದವರು. ಎಂಟನೆಯ ವಯಸ್ಸಿನಿಂದ, ಅಮ್ಮನ ಪಕ್ಕದಲ್ಲಿ ಕೂತು. ಎಲೆ ಎಲ್ಲಿ ದಪ್ಪ, ಎಲ್ಲಿ ತೆಳು, ಒಳಗಿನ ತಂಬಾಕು ಒಂದು ಚಿಟಿಕೆ ಹೆಚ್ಚೋ ಕಡಿಮೆಯೋ ಎಲ್ಲವೂ ಬೆರಳ ತುದಿಗೆ ಗೊತ್ತಾಗುತ್ತಿತ್ತಂತೆ. ಅವರು ಕಣ್ಣು ಮುಚ್ಚಿಕೊಂಡು ರಾಡಿಗೆ ಕ್ಯಾಪಿಟ್ಟು ಹೆಬ್ಬೆರಳನ್ನು ಗೆರೆಯ ಮೇಲೆ ಮೆಲ್ಲಗೆ ಎಳೆದರು. “ಇದಲ್ಲ.” ಇನ್ನೊಂದು. “ಇದಲ್ಲ.” ನಾಲ್ಕನೆಯದಕ್ಕೆ, “ಇದು ಆಗ್ಬಹುದು. ಇಲ್ಲ, ತಿರುಗಿಸಿ ಕೊಡಿ. ಹಾಂ, ಇದೇ.” ಅನ್ನ ತಣ್ಣಗಾಯಿತು. ಒಂದು ತಾಸಿನೊಳಗೆ ಏಳು ಜೋಡಿಯೂ ಮುಗಿದವು. ನನಗೆ ನಂಬಿಕೆ ಇದ್ದರೂ ಮರುದಿನ ಏಳನ್ನೂ ಕುರ್ಲಾದ ಮಶೀನ್ ಶಾಪಿಗೆ ಒಯ್ದು ಅಳತೆ ಮಾಡಿಸಿದೆ. ಅಲ್ಲಿಯವನು ಒಂದೊಂದನ್ನೇ ಅಳೆದು, “ಸಬ್ ಬರಾಬರ್ ಹೈ, ಚಾಚಾ. ಚೆಕ್ ಕಾಯಕೊ ಕರಾಯಾ?” ಅಂದ, ಎಲ್ಲ ಸರಿಯಾಗಿರುವಾಗ ಅಳೆಸಿದ್ದು ಯಾಕೆ ಎಂದು. ಸಂಜೆ ಬಂದು ಬೀಗತಿಗೆ ಕೈ ಮುಗಿದೆ.

“ಅಯ್ಯೋ, ಬಿಡಿ,” ಅಂದರು. “ಇಷ್ಟು ವರ್ಷ ಆದ್ರೂ ಈ ಬೆರಳು ಒಂದು ಮರೀಲಿಲ್ಲ ನೋಡಿ.” ಅವರ ಮುಖದಲ್ಲಿ ಆ ಸಂಜೆ ಇದ್ದ ಬೆಳಕನ್ನು ನಾನು ಮೊದಲು ಕಂಡಿರಲಿಲ್ಲ. ಮುಂದಿನ ವಾರ ಶೆಡ್ಡಿನಲ್ಲಿ ಹರಡಿದ್ದ ಬೋಲ್ಟು ವಾಶರುಗಳನ್ನೆಲ್ಲ ಅವರೇ ಅಡಿಗೆಮನೆಯ ಡಬ್ಬಿಗಳಲ್ಲಿ ವಿಂಗಡಿಸಿ ಇಟ್ಟರು.

ಈ ಬಾರಿ ಪಂಚ್ ಹೊಡೆದು ಚುಕ್ಕಿ ಹಾಕಿಯೇ ಜೋಡಿಸಿದೆವು. ಹೊಸ ರಿಂಗು, ಹೊಸ ಬೇರಿಂಗು, ಹೊಸ ಹೊಗೆಪೈಪು. ಕೊನೆಯಲ್ಲಿ ಕ್ರ್ಯಾಂಕಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಅದು ಬೆಣ್ಣೆಯಲ್ಲಿ ಚಮಚ ತಿರುಗಿದ ಹಾಗೆ ತಿರುಗಿತು. ಎಂಜಿನ್ನನ್ನು ಮತ್ತೆ ಬೋಟಿಗೆ ಇಳಿಸಿ, ಪಕ್ಕದಲ್ಲಿ ಡ್ರಮ್ಮಿನ ತುಂಬ ನೀರಿಟ್ಟು ಹೋಸು ಹಾಕಿ, ಬೀಗರು ಸ್ಟಾರ್ಟರ್ ಒತ್ತಿದರು. ಒಮ್ಮೆ ತಿರುಗಿತು, ನಿಂತಿತು. ಎರಡನೆಯ ಸಲ ಸೀನಿದ ಹಾಗೆ ಮಾಡಿ ಹತ್ತಿಕೊಂಡಿತು. ಅಕ್ಕಪಕ್ಕದ ದೋಣಿಯವರು ಬಲೆ ಬಿಟ್ಟು ಓಡಿ ಬಂದರು. ನಾಯಿಗಳು ಬೊಗಳಿದವು. ನಾನು ಮೊಮ್ಮಗ ಅತ್ತ ಸದ್ದಿಗೆ ಕಿವಿಗೊಟ್ಟ ಹಾಗೆ ಎಂಟೂ ಸಿಲಿಂಡರಿಗೆ ಕಿವಿಗೊಟ್ಟು ನಿಂತಿದ್ದೆ. ಎಂಟೂ ಮಾತಾಡುತ್ತಿದ್ದವು.

ಮಳೆ ನಿಂತ ಮೇಲೆ, ಭರತದ ನೀರು ಏರಿದ ಒಂದು ಮುಂಜಾನೆ ಬೋಟನ್ನು ಖಾಡಿಗೆ ಇಳಿಸಿದೆವು. ನನಗೆ ಈಜು ಬರುವುದಿಲ್ಲ. ಇಷ್ಟು ವರ್ಷ ಮುಂಬೈಯಲ್ಲಿದ್ದರೂ ಸಮುದ್ರವನ್ನು ಚೌಪಾಟಿಯಿಂದ ಭೇಲ್ ತಿನ್ನುತ್ತ ನೋಡಿದ್ದೇ ಹೆಚ್ಚು. ಬೀಗತಿಯನ್ನೂ ಕರೆದೆವು.

“ನೀವಿಬ್ಬರು ಮೊದ್ಲು ಹೋಗಿ ವಾಪಸ್ ಬನ್ನಿ,” ಅಂದರು ದಂಡೆಯಲ್ಲೇ ನಿಂತು. “ಮತ್ತೆ ನೋಡುವ.”

ಖಾಡಿಯ ಬಾಯಿಯವರೆಗೆ ಬೀಗರು ಮೆಲ್ಲಗೆ ನಡೆಸಿದರು. ಹೊಸದಾಗಿ ಜೋಡಿಸಿದ ಎಂಜಿನ್ನು, ಅವಸರ ಬೇಡ ಎಂದು ನಾನೇ ಹೇಳಿದ್ದೆ. ತೆರೆದ ನೀರಿಗೆ ಬಂದ ಮೇಲೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ಲೈಫ್ ಜಾಕೆಟ್ಟಿನ ಬೆಲ್ಟು ಇನ್ನೊಂದು ಸಲ ಬಿಗಿದು ತಲೆ ಆಡಿಸಿದೆ. ಮೂತಿ ಮೇಲೆದ್ದಿತು, ಬೆನ್ನು ಸೀಟಿಗೆ ಅಂಟಿತು, ಎರಡೂ ಬದಿ ನೀರು ಗೋಡೆಯಾಗಿ ಎದ್ದಿತು. ನಾನು ಕೂಗಿದೆ, ಏನು ಕೂಗಿದೆನೋ ನೆನಪಿಲ್ಲ. ಬೀಗರು ಹೇಳುವ ಪ್ರಕಾರ ನಮ್ಮ ಮನೆದೇವರನ್ನಲ್ಲ, ನನ್ನ ಹೆಂಡತಿಯನ್ನು ಕರೆದೆನಂತೆ. ಆದರೆ ಅವರ ಮುಖ ನನಗೆ ಚೆನ್ನಾಗಿ ನೆನಪಿದೆ. ಸೋಫಾದ ಅಂಚಿನಲ್ಲಿ ಕೂರುತ್ತಿದ್ದ ಸಂಕೋಚದ ಮನುಷ್ಯ ಅಲ್ಲಿರಲಿಲ್ಲ. ಗಾಳಿಗೆ ಕಣ್ಣು ಕಿರಿದು ಮಾಡಿ, ಎರಡು ಬೆರಳಲ್ಲಿ ಸ್ಟಿಯರಿಂಗ್ ಹಿಡಿದು ಅಲೆಯನ್ನು ಬದಿಗೆ ತಗೊಂಡು ಬೋಟನ್ನು ಹಾರಿಸುತ್ತಿದ್ದರು.

ಅರ್ಧ ದಾರಿಯಲ್ಲಿ ನಿಲ್ಲಿಸಿ ಮುಚ್ಚಳ ತೆಗೆದು ನೋಡಿದೆವು. ಒಂದು ಕಡೆ ಸ್ವಲ್ಪ ಆಯಿಲ್ ಜಿನುಗಿತ್ತು. ಬೋಲ್ಟು ಕಾಲು ಸುತ್ತು ಬಿಗಿದೆ. ಅಷ್ಟೇ.

ಮುಂದಿನ ಭಾನುವಾರ ಶೇಠರು ಬಂದರು. ಬಿಳಿ ಅಂಗಿಯ ಮಿತಭಾಷಿ ಮನುಷ್ಯ. ಒಂದು ಸುತ್ತು ಹೋಗಿ ಬಂದು, ಒದ್ದೆ ತಲೆಯಲ್ಲೇ ಕೆಳಗಿಳಿದು, ಬಿರುಕು ಬಿಟ್ಟ ಹಳೆಯ ಪೈಪನ್ನು ನೋಡಲು ಕೇಳಿದರು. ತೋರಿಸಿದೆ. ಅವರು ಬೀಗರ ಭುಜದ ಮೇಲೆ ಕೈಯಿಟ್ಟು, “ಬೋಟ್ ಕಹೀ ನಹೀ ಜಾಯೇಗೀ,” ಅಂದರು, ಬೋಟು ಎಲ್ಲಿಗೂ ಹೋಗುವುದಿಲ್ಲ ಎಂದು. ಬೀಗರು ತಲೆ ತಗ್ಗಿಸಿ, “ಜೀ,” ಅಂದರು. ಶೇಠರ ಕಾರು ತಿರುವು ದಾಟಿದ ಮೇಲೆ ನನ್ನ ಕೈ ಹಿಡಿದು ಕುಲುಕಿದವರು ಬಿಡುವುದನ್ನೇ ಮರೆತರು.

ನನ್ನ ಹೆಂಡತಿ ಬೋಟು ಹತ್ತಿದ್ದು ಚಳಿಗಾಲದಲ್ಲಿ. ಹತ್ತುವುದಿಲ್ಲ ಎಂದು ಚೆಂಬೂರು ಸ್ಟೇಶನ್ನಿನವರೆಗೆ ಹೇಳುತ್ತಲೇ ಬಂದಿದ್ದಳು. ಬೀಗತಿ ಅವಳ ಕೈ ಬಿಗಿಯಾಗಿ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು. ಖಾಡಿಯ ಕೆಸರಿನ ತುಂಬ ಗುಲಾಬಿ ಬಣ್ಣದ ಫ್ಲೆಮಿಂಗೊ ಹಕ್ಕಿಗಳು ಬಂದಿಳಿದಿದ್ದವು. ಅವು ಬೆದರದಿರಲೆಂದು ಬೀಗರು ಎಂಜಿನ್ನನ್ನು ತೀರಾ ಸಣ್ಣದು ಮಾಡಿ ದೂರದಿಂದಲೇ ಸಾಗಿಸುತ್ತಿದ್ದರು. ಹೆಂಡತಿ ಮೊದಲು ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಹಕ್ಕಿಗಳನ್ನು ನೋಡಿದಳು, ನೀರು ನೋಡಿದಳು. ಹಕ್ಕಿಗಳು ಹಿಂದೆ ಉಳಿದು ತೆರೆದ ನೀರು ಬಂದರೂ ಬೋಟು ಹಾಗೇ ತೆವಳುತ್ತಿತ್ತು.

“ಅಲ್ರೀ ಬೀಗರ,” ಅಂದಳು, “ನಾಲ್ಕು ತಿಂಗಳು ಇವರು ರೊಟ್ಟಿ ಕಟಗೊಂಡು ಬಂದು ಇಷ್ಟ ಸಾವಕಾಶ ಹೋಗೂ ಎಂಜಿನ್ ಮಾಡಿದ್ರೇನು?”

ಬೀಗರು ನನ್ನ ಕಡೆ ನೋಡಿದರು. ನಾನು ಲೈಫ್ ಜಾಕೆಟ್ಟಿನ ಬೆಲ್ಟಿಗೆ ಕೈ ಹಾಕಿದೆ.